ಅಳಿಯಕಟ್ಟು, ಮಕ್ಕಳ ಹಕ್ಕು ಮತ್ತು ಒಂದು ಹಾಳೆಯ ಉಯಿಲು

ಮುಂಬಯಿಯಲ್ಲಿ ದುಡಿಯುವ ನಮ್ಮ ತುಳುನಾಡಿನವರು ಬಹುಮಟ್ಟಿಗೆ ಎರಡು ಮನೆಗಳಿಗೆ ಸೇರಿದವರು. ಒಂದು ಊರಿನ ಮನೆ, ಮತ್ತೊಂದು ಇಲ್ಲಿನ ಮನೆ. ಮಲಾಡಿನ ಹೋಟೆಲೊಂದರಲ್ಲಿ ಅಡಿಗೆ ಮಾಡುವಾತನಿಗೂ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಚರ್ಚ್‌ಗೇಟಿನ ಕಚೇರಿಗೆ ಹೋಗಿ ಬರುವ ಗುಮಾಸ್ತೆಗೂ ಇದು ಸಮಾನವಾದ ಸ್ಥಿತಿ. ಹೆಂಡತಿ ಮಕ್ಕಳು ಇಲ್ಲಿ ಕುರಾರಿನಲ್ಲಿಯೋ ಮಾರ್ವೆ ರಸ್ತೆಯ ಬದಿಯಲ್ಲಿಯೋ ಒಂದು ಕೋಣೆಯಲ್ಲಿರುತ್ತಾರೆ. ತಾಯಿಯೂ ಅಕ್ಕತಂಗಿಯರೂ ಊರಿನ ಕುಟುಂಬದ ಮನೆಯಲ್ಲಿ ದೀಪ ಹಚ್ಚಿಕೊಂಡಿರುತ್ತಾರೆ. ಬದುಕಿರುವ ತನಕ ಮನುಷ್ಯನು ಈ ಎರಡು ಮನೆಗಳ ಲೆಕ್ಕವನ್ನು ಹೇಗೋ ಸರಿತೂಗಿಸಿಕೊಂಡು ಹೋಗುತ್ತಾನೆ. ಅವನು ಕಣ್ಣು ಮುಚ್ಚಿದ ಮರುದಿನ ಆ ಲೆಕ್ಕವನ್ನು ಕಾನೂನು ತನ್ನ ಕೈಗೆ ತೆಗೆದುಕೊಳ್ಳುತ್ತದೆ.

ಆ ಕಾನೂನು ಏನು ಹೇಳುತ್ತದೆಂಬುದು ನಮ್ಮವರಲ್ಲಿ ಬಹು ಮಂದಿಗೆ ಗೊತ್ತಿಲ್ಲ. ಕೆಲವರು ಇಂದಿಗೂ ಅಜ್ಜನ ಕಾಲದ ಅಳಿಯಕಟ್ಟೇ ನಡೆಯುತ್ತಿದೆಯೆಂದು ನಂಬಿದ್ದಾರೆ. ಇನ್ನು ಕೆಲವರು ಅದು ಸಂಪೂರ್ಣವಾಗಿ ಅಳಿದುಹೋಯಿತೆಂದು ತಿಳಿದಿದ್ದಾರೆ. ಎರಡೂ ಸರಿಯಲ್ಲ. ಆದುದರಿಂದ ಈ ಕಟ್ಟಿನ ಪೂರ್ವೋತ್ತರವನ್ನೂ, ಅದು ಇಂದು ನಿಂತಿರುವ ಸ್ಥಳವನ್ನೂ ಓದುಗರ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕಟ್ಟಿನ ಮೂಲ

ಬಾರಕೂರಿನ ಭೂತಾಳ ಪಾಂಡ್ಯನ ಕಥೆಯನ್ನು ಕೇಳದ ತುಳುವರು ವಿರಳ. ದೇವಪಾಂಡ್ಯನೆಂಬ ಅರಸನ ಹಡಗುಗಳು ಕಡಲಿಗೆ ಇಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತವು ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಮುಂದೆ ಮಾಡಿದಳು. ಭೂತವು ಮೆಚ್ಚಿ ಹುಡುಗನ ಪ್ರಾಣ ಉಳಿಸಿತು. ಅವನೇ ಭೂತಾಳ ಪಾಂಡ್ಯನೆನಿಸಿ ರಾಜ್ಯವನ್ನು ಪಡೆದು, ಇನ್ನು ಮುಂದೆ ಸೊತ್ತು ಮಗನಿಗಲ್ಲ, ಸೋದರಳಿಯನಿಗೆ ಎಂದು ಕಟ್ಟಳೆ ಮಾಡಿದನಂತೆ. ಇದು ಐತಿಹ್ಯ, ಇದರ ಹೆಸರಿನಲ್ಲಿ ಪ್ರಚಾರದಲ್ಲಿರುವ ಕಟ್ಟುಕಟ್ಟಳೆಯ ಗ್ರಂಥವು ಅಷ್ಟು ಪ್ರಾಚೀನವಾದುದೆಂದು ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಕಥೆಯ ತಿರುಳಿನಲ್ಲಿ ಒಂದು ಸತ್ಯವಿದೆ. ಕಷ್ಟಕಾಲದಲ್ಲಿ ಕೈಹಿಡಿದವಳು ಒಡಹುಟ್ಟಿದವಳು; ಆದುದರಿಂದ ಸೊತ್ತಿನ ಋಣವೂ ಅವಳ ಕಡೆಗೇ ಎಂಬುದು ನಮ್ಮ ಹಿರಿಯರ ಭಾವನೆಯಾಗಿತ್ತು.

ಐತಿಹ್ಯವನ್ನು ಬದಿಗಿಟ್ಟು ಇತಿಹಾಸಕ್ಕೆ ಬಂದರೂ ಈ ಕಟ್ಟಿನ ಬಲ ಕಾಣುತ್ತದೆ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನು ಚೌಟರ ವಂಶದವಳು. ಅವಳಿಗೆ ಸಿಂಹಾಸನವು ಬಂದುದು ತಂದೆಯಿಂದಲ್ಲ, ಸೋದರಮಾವನಾದ ತಿರುಮಲರಾಯನಿಂದ. ಮಂಗಳೂರಿನ ಬಂಗರಸನೊಡನೆ ಆದ ಮದುವೆ ಮುರಿದಾಗ ಅವಳು ಯಾರ ಅನ್ನಕ್ಕೂ ಕಾಯಬೇಕಾಗಲಿಲ್ಲ. ಅವಳ ರಾಜ್ಯ ಅವಳದಾಗಿಯೇ ಇತ್ತು. ೧೬೨೩ರಲ್ಲಿ ಈ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಅದೇ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದನು. ಆಕೆ ಬರಿಗಾಲಿನಲ್ಲಿ ನಡೆದುಕೊಂಡು, ನೀರಿಗಾಗಿ ಕಾಲುವೆ ತೋಡುವ ಕೆಲಸವನ್ನು ನೋಡಲು ಹೊರಟಿದ್ದಳೆಂದು ಅವನು ಬರೆದಿಟ್ಟಿದ್ದಾನೆ. ಆಗ ನಮ್ಮ ಈ ಮಲಾಡು ಸೇರಿದ ಸಾಷ್ಟಿ ದ್ವೀಪವು ಅದೇ ಪೋರ್ಚುಗೀಸರ ವಶದಲ್ಲಿತ್ತು. ೧೫೩೪ರಲ್ಲಿ ಅವರ ಕೈಸೇರಿದ ಇದು ೧೭೩೯ರಲ್ಲಿ ಮರಾಠರ ಪಾಲಾಯಿತು.

ಅರಸರ ಮನೆಯಲ್ಲಿದ್ದ ಕಟ್ಟೇ ಒಕ್ಕಲಿನ ಮನೆಯಲ್ಲಿಯೂ ಇತ್ತು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮೊದಲಾದವರು ಅಳಿಯಕಟ್ಟಿನವರು. ಬ್ರಾಹ್ಮಣರು, ಸಾರಸ್ವತರು, ವಿಶ್ವಕರ್ಮರು ಮುಂತಾದವರು ಮಕ್ಕಳಕಟ್ಟಿನವರು. ಒಂದೇ ಗ್ರಾಮದಲ್ಲಿ, ಒಂದೇ ಬೇಲಿಯ ಆಚೆ ಈಚೆ, ಎರಡು ಬೇರೆ ಬೇರೆ ನ್ಯಾಯಗಳು ಜಗಳವಿಲ್ಲದೆ ನಡೆದು ಬಂದವು.

ಕುಟುಂಬದೊಳಗಿನ ನಡೆ

ಅಳಿಯಕಟ್ಟಿನ ಕುಟುಂಬವೆಂದರೆ ಒಬ್ಬ ಮೂಲಸ್ತ್ರೀಯ ಹೆಣ್ಣುಸಂತತಿಯ ಮೂಲಕ ಬಂದವರೆಲ್ಲರೂ. ಆಕೆಯ ಒಬ್ಬೊಬ್ಬ ಮಗಳಿಂದಲೂ ಬೆಳೆದ ಕವಲಿಗೆ ಕವರು ಎಂದು ಹೆಸರು. ಬಳಿಯು ತಾಯಿಯಿಂದ ಬರುವುದು. ಕುಟುಂಬದಲ್ಲಿ ವಯಸ್ಸಿನಲ್ಲಿ ಹಿರಿಯರಾದವರು ಯಜಮಾನರು; ಹಿರಿಯಳು ಹೆಂಗಸಾದರೆ ಅವಳೇ ಯಜಮಾನ್ತಿ. ಗದ್ದೆಯ ಗೇಣಿ, ದೈವದ ಕೋಲ, ಹೆಣ್ಣುಮಕ್ಕಳ ಬಾಣಂತನ, ಗಂಡುಮಕ್ಕಳ ಓದು, ಎಲ್ಲವೂ ಆ ಒಂದು ಕೈಯಿಂದ ನಡೆಯಬೇಕು.

ಈ ಸೊತ್ತನ್ನು ಯಾರೊಬ್ಬರೂ ತಮ್ಮ ಪಾಲೆಂದು ಕೇಳುವಂತಿರಲಿಲ್ಲ. ಮದರಾಸಿನ ಉಚ್ಚ ನ್ಯಾಯಾಲಯವು ಸ್ಥಾಪನೆಯಾದ ಮರುವರ್ಷ, ೧೮೬೩ರಲ್ಲಿಯೇ, ಅಳಿಯಸಂತಾನದ ಕುಟುಂಬದಲ್ಲಿ ಬಲವಂತದ ಪಾಲು ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ತೀರ್ಮಾನಿಸಿತು. ಇದರಿಂದ ಒಂದು ಗುಣವೂ ಒಂದು ದೋಷವೂ ಉಂಟಾದವು. ಗುಣವೇನೆಂದರೆ, ಗಂಡ ಸತ್ತ ಹೆಣ್ಣಾಗಲಿ, ಗಂಡನನ್ನು ಬಿಟ್ಟ ಹೆಣ್ಣಾಗಲಿ ಬೀದಿಪಾಲಾಗುತ್ತಿರಲಿಲ್ಲ. ತವರು ಎಂಬುದು ಅವಳಿಗೆ ನೆಂಟರ ಮನೆಯಲ್ಲ, ಸ್ವಂತ ಮನೆ. ದೋಷವೇನೆಂದರೆ, ಗಂಡಸು ಹೆತ್ತ ಮಕ್ಕಳಿಗೆ ಅವನ ಕುಟುಂಬದ ಮನೆಯಲ್ಲಿ ಯಾವ ಹಕ್ಕೂ ಇರಲಿಲ್ಲ. ಅವರ ಹಕ್ಕು ತಮ್ಮ ತಾಯಿಯ ಮನೆಯಲ್ಲಿ. ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದ ತನಕ ಇದು ಹೊಂದಿಕೊಂಡು ನಡೆಯಿತು. ಏಕೆಂದರೆ ಪ್ರತಿಯೊಬ್ಬರ ಹಿಂದೆಯೂ ಒಂದು ತಾಯಿಮನೆಯಿತ್ತು.

ಮುಂಬಯಿಯ ಗಳಿಕೆ ಬಂದಾಗ

ಕಟ್ಟಿಗೆ ಪೆಟ್ಟು ಬಿದ್ದುದು ಗಂಡಸರು ಊರು ಬಿಟ್ಟಾಗ. ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಆರಂಭಿಸಿ, ಮಾಣಿಯಾಗಿ, ಮ್ಯಾನೇಜರನಾಗಿ, ಕಡೆಗೆ ಪಾಲುದಾರನಾದವನ ಹಣಕ್ಕೆ ಕುಟುಂಬದ ಗದ್ದೆಯ ಒಂದು ಹಿಡಿ ಮಣ್ಣೂ ತಗಲಿಲ್ಲ. ಇದು ಅವನ ಸ್ವಯಾರ್ಜಿತ. ಅವನ ಪಕ್ಕದಲ್ಲಿದ್ದು, ಚಾಳಿನ ನಲ್ಲಿಯಲ್ಲಿ ನೀರು ಹಿಡಿದು, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದವಳು ಹೆಂಡತಿ. ಆದರೂ ಅವನು ಏನೂ ಬರೆದಿಡದೆ ತೀರಿಕೊಂಡರೆ, ಹಳೆಯ ಕಟ್ಟಿನ ಪ್ರಕಾರ ಆ ಗಳಿಕೆಯು ತಾಯಿಯ ವಂಶಕ್ಕೆ, ಅಂದರೆ ಅಕ್ಕತಂಗಿಯರ ಮತ್ತು ಅವರ ಮಕ್ಕಳ ಕಡೆಗೆ, ಹೋಗುತ್ತಿತ್ತು. ಹೆಂಡತಿ ಮಕ್ಕಳು ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತು.

ಇದಕ್ಕೆ ಇದ್ದ ದಾರಿ ಒಂದೇ, ಅದು ಉಯಿಲು. ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಮರಣಶಾಸನವೆಂಬುದು ಇರಲಿಲ್ಲ. ಅದು ಇಂಗ್ಲಿಷರ ನ್ಯಾಯಾಲಯಗಳ ಮೂಲಕ ಕಲ್ಕತ್ತೆ, ಮುಂಬಯಿ, ಮದರಾಸು ಪಟ್ಟಣಗಳ ಹಿಂದೂಗಳಲ್ಲಿ ರೂಢಿಗೆ ಬಂತು. ೧೮೭೦ರ ಹಿಂದೂ ಉಯಿಲುಗಳ ಶಾಸನವು ಮುಂಬಯಿ ಪಟ್ಟಣ, ಮದರಾಸು ಪಟ್ಟಣ ಮತ್ತು ಬಂಗಾಳ ಪ್ರಾಂತದ ಹಿಂದೂಗಳ ಉಯಿಲಿಗೆ ಬರವಣಿಗೆ, ಸಹಿ, ಸಾಕ್ಷಿಗಳನ್ನು ಕಡ್ಡಾಯ ಮಾಡಿತು. ಆಗ ಮಲಾಡು ಮುಂಬಯಿ ಪಟ್ಟಣದ ಹೊರಗೆ, ಥಾಣಾ ಜಿಲ್ಲೆಯಲ್ಲಿದ್ದ ಹಳ್ಳಿ. ಅಂತಹ ಕಡೆಗಳಲ್ಲಿಯೂ, ನಮ್ಮ ದಕ್ಷಿಣ ಕನ್ನಡದಲ್ಲಿಯೂ, ೧೯೨೭ರ ಜನವರಿ ೧ರಿಂದೀಚೆಗೆ ಮಾಡಿದ ಉಯಿಲುಗಳಿಗೆ ಈ ನಿಯಮಗಳು ಅನ್ವಯಿಸಿದವು.

ಕುಟುಂಬದ ಸೊತ್ತಿನಲ್ಲಿ ತನಗಿದ್ದ ಅವಿಭಕ್ತ ಹಕ್ಕನ್ನು ಅಳಿಯಕಟ್ಟಿನವನು ಉಯಿಲಿನಿಂದ ಕೊಡುವಂತಿರಲಿಲ್ಲ. ಸ್ವಯಾರ್ಜಿತವನ್ನು ಕೊಡಬಹುದಾಗಿತ್ತು. ಆದುದರಿಂದ ಪರಸ್ಥಳದಲ್ಲಿ ಸಂಪಾದಿಸಿದ ತುಳುವನಿಗೆ ಆ ಹಾಳೆಯು ಬಲು ಬೆಲೆಯುಳ್ಳದ್ದಾಯಿತು. ಕಟ್ಟು ಕೊಡದ ಹಕ್ಕನ್ನು ಮಡದಿ ಮಕ್ಕಳಿಗೆ ಕೊಡಿಸಲು ಅವನಿಗೆ ಇದ್ದ ಸಾಧನ ಅದೊಂದೇ. ಬರೆದವರ ಮಕ್ಕಳು ಉಳಿದರು. ನಾಳೆ ಬರೆದರಾಯಿತೆಂದವರ ಮಕ್ಕಳು ಸೋದರತ್ತೆಯ ದಯೆಯನ್ನು ಕಾಯಬೇಕಾಯಿತು.

೧೯೪೯ ಮತ್ತು ೧೯೫೬

ಮೊದಲ ದೊಡ್ಡ ಬದಲಾವಣೆಯು ಮದರಾಸು ಸರಕಾರದ ೧೯೪೯ರ ಅಳಿಯಸಂತಾನ ಶಾಸನದಿಂದ ಬಂತು. ಗಂಡನ ಸ್ವಯಾರ್ಜಿತದಲ್ಲಿ ಹೆಂಡತಿ ಮಕ್ಕಳಿಗೆ ವಾರಸುದಾರರ ಸ್ಥಾನ ದೊರೆಯಿತು. ಕವರುಗಳು ಪಾಲು ಕೇಳುವ ಹಕ್ಕನ್ನು ಪಡೆದವು. ಆದರೂ ಶಾಸನವು ಹಳೆಯ ತತ್ತ್ವವನ್ನು ಪೂರ್ತಿ ಕೈಬಿಡಲಿಲ್ಲ. ಹೆಣ್ಣುಸಂತತಿ ಮುಂದುವರಿಯುವ ಕವರು ಸಂತತಿ ಕವರು. ಅದಿಲ್ಲದುದು ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಮುಂದುವರಿಸುವವರು ಬೇರೆ ಇದ್ದರೆ, ನಿಸ್ಸಂತತಿ ಕವರಿಗೆ ಪಾಲಾಗಿ ಬಂದ ಭೂಮಿಯನ್ನು ಜೀವಮಾನವಿಡೀ ಅನುಭವಿಸುವ ಹಕ್ಕು ಮಾತ್ರ. ಅನಂತರ ಅದು ಹೆಣ್ಣುಸಂತತಿಯ ಕಡೆಗೇ ಮರಳಬೇಕು. ಭೂಮಿಯು ತಾಯಿಯ ಬಳಿಯನ್ನು ಬಿಟ್ಟು ಹೋಗಬಾರದೆಂಬ ಹಿರಿಯರ ಇಚ್ಛೆಯೇ ಇಲ್ಲಿ ಕಾನೂನಿನ ಭಾಷೆಯಲ್ಲಿ ಮಾತಾಡಿತು.

ಎರಡನೆಯ ಬದಲಾವಣೆಯು ಇನ್ನೂ ದೊಡ್ಡದು. ೧೯೫೬ರ ಜೂನ್ ೧೭ರಂದು ಹಿಂದೂ ವಾರಸಾ ಶಾಸನವು ಜಾರಿಗೆ ಬಂತು. ಅಂದಿನಿಂದ ತೀರಿಕೊಂಡ ಅಳಿಯಕಟ್ಟಿನವನ ಸ್ವಂತ ಸೊತ್ತು ಮಾತ್ರವಲ್ಲ, ಕುಟುಂಬದಲ್ಲಿ ಅವನಿಗಿರುವ ಅವಿಭಕ್ತ ಹಕ್ಕು ಕೂಡ ಈ ಶಾಸನದಂತೆಯೇ ಇಳಿದು ಬರುತ್ತದೆ. ಆ ಹಕ್ಕು ಎಷ್ಟೆಂಬುದಕ್ಕೆ ತಲೆಗೊಂದು ಪಾಲೆಂಬ ಸರಳ ಲೆಕ್ಕವಿದೆ. ಕುಟುಂಬದಲ್ಲಿ ಹನ್ನೆರಡು ಮಂದಿ ಇದ್ದರೆ ಅವನದು ಹನ್ನೆರಡರಲ್ಲಿ ಒಂದು. ಅವನಿಗೆ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ, ಆ ಒಂದು ಪಾಲು ನಾಲ್ಕು ಸಮಭಾಗವಾಗುತ್ತದೆ. ಮಲಾಡಿನ ಸ್ವಂತ ಮನೆಯೂ ಬ್ಯಾಂಕಿನ ಹಣವೂ ಹಾಗೆಯೇ ನಾಲ್ಕು ಸಮಭಾಗ. ಇಷ್ಟೇ ಅಲ್ಲ; ಹಿಂದೆ ಸಾಧ್ಯವಿಲ್ಲದಿದ್ದ ಆ ಅವಿಭಕ್ತ ಹಕ್ಕನ್ನು ಈಗ ಉಯಿಲಿನಿಂದಲೂ ಕೊಡಬಹುದು.

ಕಾಸರಗೋಡಿನ ಓದುಗರು ಒಂದು ಮಾತನ್ನು ಗಮನಿಸಬೇಕು. ೧೯೫೬ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳವು ೧೯೭೫ರಲ್ಲಿ ಶಾಸನ ಮಾಡಿ, ೧೯೭೬ರ ಡಿಸೆಂಬರ್ ೧ರಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. ಅಲ್ಲಿ ಅಂದು ಇದ್ದ ಸದಸ್ಯರೆಲ್ಲರೂ ತಂತಮ್ಮ ಪಾಲಿನ ಪ್ರತ್ಯೇಕ ಒಡೆಯರಾದರು.

ಅಕ್ಕನು ಎಲ್ಲಿ ಹೋದಳು?

ಈಗ ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ತಾಯಿ ಇದ್ದಾಳೆ, ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಅಕ್ಕತಂಗಿಯರಿಲ್ಲ, ಸೋದರಳಿಯನಿಲ್ಲ. ಮೊದಲ ವರ್ಗದ ವಾರಸುದಾರರು ಒಬ್ಬರಿದ್ದರೂ ಅಕ್ಕತಂಗಿಯರಿಗೆ ಒಂದು ಕಾಸೂ ಬರುವುದಿಲ್ಲ. ಯಾವ ಕಟ್ಟಿಗೆ ಅಳಿಯನ ಹೆಸರೇ ಇತ್ತೋ ಆ ಅಳಿಯನು ವಾರಸುದಾರರ ಪಟ್ಟಿಯಲ್ಲಿ ತೀರ ಹಿಂದಕ್ಕೆ ಸರಿದಿದ್ದಾನೆ.

ಇದು ತಪ್ಪೆಂದು ನಾವು ಹೇಳುವುದಿಲ್ಲ. ಹೆಂಡತಿ ಮಕ್ಕಳಿಗೆ ಆಗುತ್ತಿದ್ದ ಅನ್ಯಾಯ ಹೋಗಲೇಬೇಕಾಗಿತ್ತು. ಆದರೆ ತಕ್ಕಡಿಯು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ಪೂರ್ತಿ ವಾಲಿತೆಂಬುದನ್ನು ಒಪ್ಪಿಕೊಳ್ಳಬೇಕು. ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದ ವರ್ಷಗಳಲ್ಲಿ ವಯಸ್ಸಾದ ಅಡಿಗೆಯವರೊಬ್ಬರು ತಮ್ಮ ಪಾಸುಪುಸ್ತಕವನ್ನು ನಮ್ಮಲ್ಲಿಯೇ ಇಟ್ಟಿರುತ್ತಿದ್ದರು. ಎಳೆತನದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸಾಕಿದವರು ಅಕ್ಕ. ಮುಂಬಯಿಗೆ ಹೊರಟಾಗ ಪ್ರಯಾಣದ ಖರ್ಚಿಗೆ ಕಿವಿಯ ಬೆಂಡೋಲೆ ಮಾರಿದವರೂ ಅಕ್ಕನೇ. ಅಕ್ಕನಿಗೆ ಏನಾದರೂ ಮಾಡಬೇಕು ಎಂದು ಅವರು ಪ್ರತಿ ತಿಂಗಳ ಸಂಬಳದ ದಿನ ಹೇಳುತ್ತಿದ್ದರು, ಬರೆಯಲಿಲ್ಲ. ಅವರು ತೀರಿಕೊಂಡ ಮೇಲೆ ಎಲ್ಲವೂ ಕಾನೂನಿನಂತೆ ಹೆಂಡತಿ ಮಕ್ಕಳಿಗೆ ಹೋಯಿತು, ಹೋಗಬೇಕಾದುದೂ ಹೌದು. ಆ ತಾಯಿ ಧರ್ಮವಂತೆ. ನಾದಿನಿಯ ಕೊನೆಗಾಲದ ಔಷಧಿಗೆ ತಾನಾಗಿ ಹಣ ಕಳುಹಿಸಿದಳು. ಆದರೆ ಎಲ್ಲ ಮನೆಗಳಲ್ಲಿಯೂ ಅಂತಹ ತಾಯಿ ಇರುತ್ತಾಳೆಂದು ಹೇಗೆ ನೆಚ್ಚುವುದು?

ಅಂದು ಉಯಿಲು ಬೇಕಾಗಿದ್ದುದು ಕಟ್ಟು ಮರೆತಿದ್ದ ಹೆಂಡತಿ ಮಕ್ಕಳಿಗಾಗಿ. ಇಂದು ಅದು ಬೇಕಾಗಿರುವುದು ಕಾನೂನು ಮರೆತಿರುವ ಅಕ್ಕತಂಗಿಯರಿಗಾಗಿ. ಮದುವೆಯಾಗದೆ ಉಳಿದ ತಂಗಿ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ, ಮುದುಕರಾದ ತಾಯಿತಂದೆಯರ ಮೈತೊಳೆದ ಸೋದರಸೊಸೆ, ಇವರು ನಮ್ಮ ಊರಿನ ಮನೆಗಳಲ್ಲಿ ಇಂದಿಗೂ ಇದ್ದಾರೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆಗಳು ಒಕ್ಕಲಿಗೆ ಸೇರಿದವು. ಅದರಿಂದ ಎಷ್ಟೋ ಬಡ ಒಕ್ಕಲುಗಳು ಭೂಮಿಯ ಒಡೆಯರಾದರು. ಹಲವು ಕುಟುಂಬಗಳಿಗೆ ಉಳಿದುದು ಹಳೆಯ ಮನೆ, ಸುತ್ತಲಿನ ಹಿತ್ತಿಲು ಮತ್ತು ದೈವದ ಚಾವಡಿ. ಆ ಮನೆಗೆ ಸುಣ್ಣ ಬಳಿಸಿ, ವರ್ಷದ ತಂಬಿಲ ತಪ್ಪದಂತೆ ನೋಡುವವರು ಈ ಹೆಂಗಸರು. ಮುಂಬಯಿಯಲ್ಲಿರುವ ತಮ್ಮನು ಸತ್ತ ಮೇಲೆ, ಆ ಮನೆಯನ್ನು ಕಂಡರಿಯದ ಅವನ ಮಕ್ಕಳು ಪಾಲು ಕೇಳಿದರೆ ಅವರು ಹೋಗುವುದೆಲ್ಲಿಗೆ?

ಹೆಂಗಸರ ಸೊತ್ತು

ಅಳಿಯಕಟ್ಟು ಸಂಪೂರ್ಣವಾಗಿ ಅಳಿದಿಲ್ಲವೆಂದು ನಾವು ಆರಂಭದಲ್ಲಿ ಹೇಳಿದೆವು. ಅದಕ್ಕೆ ಸಾಕ್ಷಿ ವಾರಸಾ ಶಾಸನದ ೧೭ನೆಯ ವಿಧಿ. ಮಕ್ಕಳಕಟ್ಟಿನ ಹೆಂಗಸು ತನ್ನ ಸಂಪಾದನೆಯ ಸೊತ್ತನ್ನು ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ, ಮಕ್ಕಳೂ ಗಂಡನೂ ಮೊದಲ ವಾರಸುದಾರರು. ಅಳಿಯಕಟ್ಟಿನ ಹೆಂಗಸಿನ ವಿಷಯ ಹಾಗಲ್ಲ. ಆಕೆಯ ಸೊತ್ತು ಮೊದಲು ಮಕ್ಕಳಿಗೂ ಆಕೆಯ ತಾಯಿಗೂ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಗಂಡನಿಗೂ ಆಕೆಯ ತಂದೆಗೂ ಬರುತ್ತದೆ. ಮಲಾಡಿನಲ್ಲಿ ಕಷ್ಟಪಟ್ಟು ಮನೆ ಕೊಂಡು ಅದನ್ನು ಮಡದಿಯ ಹೆಸರಿನಲ್ಲಿ ಮಾಡಿದ ನಮ್ಮವರು ಅನೇಕರಿದ್ದಾರೆ. ಮಡದಿ ಮೊದಲು ಹೋದರೆ ಮನೆ ತನ್ನದೇ ಎಂದು ಅವರು ತಿಳಿದಿರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಆದುದರಿಂದ ಉಯಿಲು ಗಂಡಸರಿಗೆ ಮಾತ್ರ ಬೇಕಾದುದೆಂದು ಯಾರೂ ಭಾವಿಸಬಾರದು.

ಮಕ್ಕಳಕಟ್ಟಿನ ಓದುಗರಿಗೂ ಒಂದು ಮಾತು. ಅವಿಭಕ್ತ ಸೊತ್ತಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕವು ೧೯೯೪ರಲ್ಲಿಯೂ, ದೇಶದ ಸಂಸತ್ತು ೨೦೦೫ರಲ್ಲಿಯೂ ಕೊಟ್ಟವು. ೨೦೦೫ರಲ್ಲಿ ತಂದೆ ಬದುಕಿಲ್ಲದಿದ್ದರೂ ಮಗಳ ಆ ಹಕ್ಕಿಗೆ ಬಾಧೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಹೇಳಿತು. ಉಳ್ಳಾಲದ ರಾಣಿಯ ಕಾಲದಲ್ಲಿಯೇ ಬೇಲಿಯ ಆಚೆಯ ಮನೆಯ ಹೆಣ್ಣಿಗೆ ಇದ್ದ ನೆಲೆಯು ಬೇಲಿಯ ಈಚೆಗೆ ಬರಲು ಇಷ್ಟು ಕಾಲ ಹಿಡಿಯಿತು.

ಬರೆಯುವ ಕ್ರಮ

ಉಯಿಲೆಂದರೆ ಶ್ರೀಮಂತರ ಕೆಲಸವೆಂದು ಹೆದರಬೇಕಾಗಿಲ್ಲ. ಹದಿನೆಂಟು ವರ್ಷ ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ. ಬಿಳಿಯ ಹಾಳೆ ಸಾಕು. ಕನ್ನಡದಲ್ಲಿಯೇ ಬರೆಯಬಹುದು. ಬರೆದವರು ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲಿಯೇ ಸಹಿ ಹಾಕಬೇಕು. ಸೊತ್ತು ಪಡೆಯುವವರನ್ನು ಸಾಕ್ಷಿಗೆ ಕರೆಯದಿರುವುದು ಲೇಸು. ನೋಂದಾಯಿಸುವುದು ಕಡ್ಡಾಯವಲ್ಲ; ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮನಸ್ಸು ಬದಲಾದರೆ ಹೊಸದಾಗಿ ಬರೆಯಬಹುದು, ಕೊನೆಯದೇ ಊರ್ಜಿತ.

ಮೂರು ಎಚ್ಚರಿಕೆಗಳನ್ನು ಹೇಳಬೇಕು. ಒಂದನೆಯದು, ಬ್ಯಾಂಕಿನಲ್ಲಿಯೋ ಹೌಸಿಂಗ್ ಸೊಸೈಟಿಯಲ್ಲಿಯೋ ನಾಮಿನಿಯ ಹೆಸರು ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಾಮಿನಿಯು ಸೊತ್ತನ್ನು ಬರಮಾಡಿಕೊಳ್ಳುವವನೇ ಹೊರತು ಒಡೆಯನಲ್ಲ. ಕಂಪೆನಿಯ ಷೇರುಗಳ ವಿಷಯದಲ್ಲಿಯೂ ಇದೇ ಸರಿಯೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ತೀರ್ಪು ಕೊಟ್ಟಿದೆ. ಎರಡನೆಯದು, ಪಗಡಿಯ ಕೋಣೆಯ ಬಾಡಿಗೆ ಹಕ್ಕನ್ನು ಉಯಿಲಿನಿಂದ ಯಾರಿಗಾದರೂ ಬರೆದುಕೊಡಲು ಬರುವುದಿಲ್ಲ. ತೀರಿಕೊಂಡವರ ಜೊತೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಅದು ಸಲ್ಲುವುದು. ಮೂರನೆಯದು, ಊರಿನ ಕುಟುಂಬದ ಮನೆಯಲ್ಲಿ ನಿಮ್ಮ ಪಾಲಿನಷ್ಟನ್ನು ಮಾತ್ರ ನೀವು ಬರೆಯಬಲ್ಲಿರಿ, ಇಡೀ ಮನೆಯನ್ನಲ್ಲ.

ಅಕ್ಕನಿಗೆ ಬರೆಯಬೇಕಾದುದು ಬಹಳವೇನೂ ಅಲ್ಲ. ಊರಿನ ಮನೆಯಲ್ಲಿರುವ ನನ್ನ ಪಾಲಿನಲ್ಲಿ ಅವಳು ಜೀವವಿರುವ ತನಕ ವಾಸಮಾಡಲಿ, ಅನಂತರ ಅದು ನನ್ನ ಮಕ್ಕಳಿಗೆ ಸೇರಲಿ ಎಂದು ಎರಡು ಸಾಲು ಬರೆದರೆ ಸಾಕು. ಹೆಂಡತಿ ಮಕ್ಕಳ ಪಾಲಿಗೆ ಅದರಿಂದ ಹೆಚ್ಚಿನ ಕುಂದು ಬರುವುದಿಲ್ಲ. ಬರೆಯುವ ಮುಂಚೆ ಮಡದಿಗೂ ಬೆಳೆದ ಮಕ್ಕಳಿಗೂ ತಿಳಿಸಿರಿ. ಸತ್ತ ಮೇಲೆ ಪೆಟ್ಟಿಗೆಯೊಳಗಿಂದ ಹೊರಬಿದ್ದ ಉಯಿಲಿಗಿಂತ, ಬದುಕಿರುವಾಗ ಊಟದ ಹೊತ್ತಿನಲ್ಲಿ ಮಾತಾಡಿಕೊಂಡ ಉಯಿಲು ಮನೆಯನ್ನು ಹೆಚ್ಚು ಕಾಯುತ್ತದೆ. ದೊಡ್ಡ ಸೊತ್ತಿದ್ದವರು, ತಕರಾರು ಇದ್ದವರು ವಕೀಲರನ್ನು ಕಾಣುವುದು ಅವಶ್ಯ.

ಹೋಟೆಲಿನ ಕೆಲಸಗಾರನು ರಾತ್ರಿ ಬಾಗಿಲು ಹಾಕುವ ಮೊದಲು ಅಂದಿನ ಉದರಿಯನ್ನು ಪುಸ್ತಕದಲ್ಲಿ ಬರೆದೇ ಮಲಗುತ್ತಾನೆ. ಗಿರಾಕಿಯ ಎರಡು ಚಹದ ಲೆಕ್ಕಕ್ಕೆ ಇರುವ ಈ ಶಿಸ್ತು ಒಡಹುಟ್ಟಿದವಳ ಋಣಕ್ಕೂ ಇರಬೇಕು. ಬರುವ ರಜೆಯ ದಿನ ಒಂದು ಗಂಟೆಯನ್ನು ಇದಕ್ಕಾಗಿ ತೆಗೆದಿಡಿರೆಂದು ನಮ್ಮ ಓದುಗ ಬಾಂಧವರಲ್ಲಿ ನಾವು ವಿನಂತಿಸುತ್ತೇವೆ.